ಮಧುಗಿರಿಯ ಉಕ್ಕೂ ಷೆಫೀಲ್ಡಿನ ಉಕ್ಕೂ

ಐರೋಪ್ಯ ಭಾಷೆಗಳಲ್ಲಿ ಭಾರತದ ಉಕ್ಕಿಗೆ ರೂಢವಾದ 'ವೂಟ್ಸ್' ಎಂಬ ಹೆಸರು ಕನ್ನಡದ 'ಉಕ್ಕು' ಶಬ್ದದ ವಿಕಾರವೆಂದು ಬಹುಮಂದಿ ವಿದ್ವಾಂಸರ ಮತ. ಮುಂಬಯಿಯಿಂದ ಹೋದ ಇಂಥ ಉಕ್ಕನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ನನು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವೊಂದನ್ನು ಒಪ್ಪಿಸಿದನು. ಮೂಸೆಯ ಉಕ್ಕು ತಯಾರಾಗುತ್ತಿದ್ದ ಸ್ಥಳಗಳಲ್ಲಿ ಮಧುಗಿರಿ, ಕೊರಟಗೆರೆ ಪ್ರಾಂತಗಳೂ ಸೇರಿದ್ದುವು.

1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಈ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹಳ್ಳಗಳ ಕರಿಮರಳನ್ನು ತೊಳೆದು, ಇದ್ದಲಿನೊಡನೆ ಕುಲುಮೆಗಿಕ್ಕಿ, ತಿದಿಯೊತ್ತಿ ಕಬ್ಬಿಣವನ್ನು ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ, ಹಸಿಯ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿಯೂ ಎಲೆಯೂ ಕರಿಯಾಗಿ, ಅಂಗಾರಾಂಶವು ಕಬ್ಬಿಣವನ್ನು ಸೇರಿ ಉಕ್ಕಾಗುವುದು. ಕಲ್ಲುಕುಟಿಗರ ಉಳಿ, ಕತ್ತಿ, ವಾದ್ಯದ ತಂತಿ ಇವು ಅದರಿಂದಲೇ. (ಮೂಸೆ, ಪುಟ ಎಂಬ ಮಾತುಗಳು ರಸಶಾಸ್ತ್ರಜ್ಞರಿಗೆ ಪರಿಚಿತವೇ; ಆದರೆ ಕಮ್ಮಾರನ ಕೈಗೆ ಅವು ಗ್ರಂಥದಿಂದ ಬಂದುವಲ್ಲ.)

ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ನನು 1740ರ ದಶಕದಲ್ಲಿ ಸಾಧಿಸಿದುದೂ ಮೂಸೆಯ ಉಕ್ಕೇ. ಭೇದವಿದ್ದುದು ಮುಖ್ಯವಾಗಿ ಇಂಧನದಲ್ಲಿ. ಅಬ್ರಹಾಂ ಡಾರ್ಬಿಯು 1709ರಲ್ಲಿ ಕಲ್ಲಿದ್ದಲಿನ ಕೋಕಿನಿಂದ ಕಬ್ಬಿಣವನ್ನು ಕರಗಿಸಿದಮೇಲೆ ಅಲ್ಲಿಯ ಕುಲುಮೆಗೆ ಕ್ರಮೇಣ ಕಾಡಿನ ಹಂಗು ತಪ್ಪಿತು; ಕಮ್ಮಾರರು ಹಳ್ಳಿಗಳನ್ನು ಬಿಟ್ಟು ಪಟ್ಟಣದಲ್ಲಿ ನೆರೆದರು. ಮಧುಗಿರಿಯವನಾದರೋ ಇದ್ದಲಿಗೆ ಗುಡ್ಡವನ್ನೂ ಅದುರಿಗೆ ಮಳೆಯನ್ನೂ ನಂಬಿದವನು.

ನೆರೆದ ಜನಕ್ಕೆ ಬಲವುಂಟಾಯಿತು. 1832ರ ಸುಧಾರಣಾ ಶಾಸನದಿಂದ ಷೆಫೀಲ್ಡಿಗೆ ಮೊದಲಬಾರಿಗೆ ಪಾರ್ಲಿಮೆಂಟಿನಲ್ಲಿ ಇಬ್ಬರು ಪ್ರತಿನಿಧಿಗಳು ದೊರೆತರು. ಆದರೂ ಕೂಲಿಕಾರನಿಗೆ ಮತವಿರಲಿಲ್ಲ. 1838ರಲ್ಲಿ ತಲೆಯೆತ್ತಿದ ಚಾರ್ಟಿಸ್ಟ್ ಚಳವಳಿಗೆ ಅದೇ ಮೂಲ. 1867ರಲ್ಲಿ ಪಟ್ಟಣದ ಕೆಲಸಗಾರರಲ್ಲಿ ಅನೇಕರಿಗೆ ಮತ ಬಂದಿತು. ಮೈಸೂರಿನ ಆಡಳಿತವು 1831ರಲ್ಲಿ ಇಂಗ್ಲಿಷರ ಕೈಸೇರಿತು. 1881ರಲ್ಲಿ ಅರಸರಿಗೆ ರಾಜ್ಯವು ಮರಳಿದಮೇಲೆ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅದಕ್ಕೆ ಕರೆಬಂದುದು ಭೂಮಿಯುಳ್ಳವರಿಗೂ ವರ್ತಕರಿಗೂ. ಕುಲುಮೆಯವನು ಈ ಎರಡು ವರ್ಗಕ್ಕೂ ಹೊರಗು. 1856ರ ಬೆಸೆಮರ್ ವಿಧಾನದಿಂದ ಅಗ್ಗವಾದ ಉಕ್ಕಿನೆದುರು ತನ್ನ ಕಸಬು ನಿಲ್ಲದೆ ಹೋದಾಗ ಅವನ ಪರವಾಗಿ ಕೇಳುವ ಬಾಯಿ ಅಲ್ಲಿರಲಿಲ್ಲ. ಯಂತ್ರವೊಂದೇ ಅವನನ್ನು ಸೋಲಿಸಿತೆಂಬುದು ಅರ್ಧ ಸತ್ಯ.

ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣವನ್ನು ಇಳಿಸಿದಾಗ ಅದರ ಇಂಧನವೂ ಕಟ್ಟಿಗೆಯ ಇದ್ದಲೇ ಆಗಿತ್ತು. ಅದುರು ಮಾತ್ರ ಕೆಮ್ಮಣ್ಣುಗುಂಡಿಯದು.