ಚೀಟಿಯೊಂದಿದ್ದರೆ ಸಾಲದೆ?

ಪ್ರಶ್ನೆ: ವೈದ್ಯರು ಕನ್ನಡಕದ ನಂಬರ್ ಬರೆದುಕೊಟ್ಟ ಮೇಲೆ ಪರವಾನಗಿ ಪಡೆದ ಆಪ್ಟಿಷಿಯನ್ ಏಕೆ ಬೇಕು?

ಉತ್ತರ: ಚೀಟಿ ಹೇಳುವುದು ಮಸೂರದ ಶಕ್ತಿಯನ್ನು, ಅದು ಕಣ್ಣೆದುರು ಎಲ್ಲಿ ಕೂರಬೇಕೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮೈನಸ್ 6 ನಂಬರಿನ ಮಸೂರದ ಕೇಂದ್ರ ಕಣ್ಣಪಾಪೆಯಿಂದ 4 ಮಿಲಿಮೀಟರ್ ಸರಿದರೆ ಸಾಕು, 2.4 ಪ್ರಿಸಂ ಡಯಾಪ್ಟರಿನಷ್ಟು ಬೆಳಕು ಬಾಗುತ್ತದೆ. ನಂಬರ್ ಸರಿಯಿದ್ದೂ ತಲೆನೋವು ಬರಬಹುದಾದದ್ದು ಹೀಗೆ. ಪಾಪೆಗಳ ಅಂತರ ಅಳೆದು, ಮೂಗಿನ ಪ್ಯಾಡ್ ಬಗ್ಗಿಸಿ ಕೂರಿಸಿ, ತಯಾರಾದ ಮಸೂರವನ್ನು ಚೀಟಿಯೊಂದಿಗೆ ತಾಳೆ ನೋಡುವುದು ಆಪ್ಟಿಷಿಯನ್ ಕೆಲಸ. ಆನ್‌ಲೈನಿನಲ್ಲಿ ಅಗ್ಗವಲ್ಲವೇ ಎನ್ನಬಹುದು. ಕಡಿಮೆ ನಂಬರಿಗೆ ಆ ವಾದವನ್ನು ಒಪ್ಪೋಣ. ಹೆಚ್ಚಿನ ನಂಬರಿಗೆ, ಪ್ರೊಗ್ರೆಸಿವ್ ಮಸೂರಕ್ಕೆ, ಮಕ್ಕಳ ಕನ್ನಡಕಕ್ಕೆ ಖಂಡಿತ ಒಪ್ಪಲಾಗದು. ಬ್ರಿಟನ್ನಿನಲ್ಲಿ 1989ರ ಆಪ್ಟಿಷಿಯನ್ಸ್ ಕಾಯ್ದೆಯ ಪ್ರಕಾರ, 16 ವರ್ಷದೊಳಗಿನವರಿಗೆ ಕನ್ನಡಕ ಕೊಡುವುದು ನೋಂದಾಯಿತ ತಜ್ಞರಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲೇ ಆಗಬೇಕು.