ಮೇಷ್ಟ್ರಿಗೂ ಬೇಕು ಲ್ಯಾಬ್ ಕ್ಲಾಸು

ನೀವು ಇದನ್ನು ಓದುತ್ತಿರುವ ಫೋನಿನಲ್ಲಿ ಬಹುಶಃ ಎಂಟು ಕೋರ್‌ಗಳಿವೆ. ಆದರೆ ಕಾಲೇಜಿನಲ್ಲಿ ನಾವು ಬರೆದ ಪ್ರೋಗ್ರಾಮ್‌ಗಳಲ್ಲಿ ಹೆಚ್ಚಿನವು ಓಡುತ್ತಿದ್ದದ್ದು ಒಂದೇ ಕೋರ್‌ನಲ್ಲಿ. ಒಬ್ಬ ದುಡಿಯುತ್ತಿದ್ದರೆ ಉಳಿದವರು ಕಟ್ಟೆ ಮೇಲೆ ಕೂತ ಹಾಗೆ!

ಒಂದೇ ಕೋರ್‌ನ ವೇಗ ಹೆಚ್ಚಿಸುತ್ತಾ ಹೋದರೆ ಚಿಪ್ ವಿಪರೀತ ಕಾಯುತ್ತದೆ. ಅದಕ್ಕೇ 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಡೆಸ್ಕ್‌ಟಾಪ್‌ಗೆ ಎರಡು ಕೋರ್‌ಗಳ ಚಿಪ್ ತಂದವು. ಎಸಿಎಂ ಮತ್ತು ಐಇಇಇ ಸಂಸ್ಥೆಗಳು 2013ರ ಪದವಿ ಪಠ್ಯಕ್ರಮದ ಮಾರ್ಗಸೂಚಿಯಲ್ಲಿ ಪ್ಯಾರಲಲ್ ಕಂಪ್ಯೂಟಿಂಗ್‌ಗೆ ಪ್ರತ್ಯೇಕ ಜಾಗ ಕೊಟ್ಟವು. ನಮ್ಮ ವಿಟಿಯು ಕೂಡ 2022ರ ಸ್ಕೀಮ್‌ನಲ್ಲಿ ಈ ವಿಷಯ ಸೇರಿಸಿದೆ. ಸಿಲೆಬಸ್ ಏನೋ ಬಂತು, ಕಲಿಸೋರು ಯಾರು?

ತಾವು ಓದುವಾಗ ಈ ವಿಷಯವೇ ಇಲ್ಲದಿದ್ದ ಅಧ್ಯಾಪಕರು ಎಷ್ಟೋ ಜನ. ಅವರನ್ನು ಒಂದು ದಿನ ಎಸಿ ಹಾಲ್‌ನಲ್ಲಿ ಕೂರಿಸಿ, ಪಿಪಿಟಿ ತೋರಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸಿದರೆ ಅದೇ ಪಿಪಿಟಿ ತರಗತಿಗೆ ಬರುತ್ತದೆ, ಅಷ್ಟೇ. ತರಬೇತಿಯಲ್ಲಿ ಮೇಷ್ಟ್ರು ತಾವೇ ಕೋಡ್ ಬರೆಯಬೇಕು, ತಾವೇ ತಪ್ಪಬೇಕು.

ಉದಾಹರಣೆಗೆ, ಒಂದು ಖಾತೆಯಲ್ಲಿ 1,000 ರೂಪಾಯಿ ಇದೆ ಅಂದುಕೊಳ್ಳಿ. ಇಬ್ಬರು ಗುಮಾಸ್ತರು ಒಟ್ಟಿಗೇ ಆ ಮೊತ್ತ ನೋಡಿಕೊಂಡರು. ಒಬ್ಬರು 500 ಸೇರಿಸಿ 1,500 ಎಂದು ಬರೆದರು. ಇನ್ನೊಬ್ಬರು 300 ಸೇರಿಸಿ ಅದರ ಮೇಲೇ 1,300 ಎಂದು ಬರೆದರು. 1,800 ಇರಬೇಕಾದಲ್ಲಿ 500 ಮಾಯ! ಪ್ರೋಗ್ರಾಮ್‌ನಲ್ಲಿ ಇದನ್ನೇ ‘ರೇಸ್ ಕಂಡೀಷನ್’ ಅನ್ನುತ್ತಾರೆ. ಎರಡು ಥ್ರೆಡ್‌ಗಳು ಒಂದೇ ಕೌಂಟರ್‌ಗೆ ತಲಾ ಒಂದು ಲಕ್ಷ ಸಲ ಒಂದು ಕೂಡಿಸಲಿ. ಎರಡು ಲಕ್ಷ ಬರಬೇಕಾದ ಕಡೆ ಕಡಿಮೆ ಬರಬಹುದು, ಪ್ರತಿಸಲ ಬೇರೆ ಬೇರೆ ಉತ್ತರ ಬರಬಹುದು. ಇದನ್ನು ತನ್ನದೇ ಸ್ಕ್ರೀನ್‌ನಲ್ಲಿ ಕಂಡ ಅಧ್ಯಾಪಕ, ವಿದ್ಯಾರ್ಥಿ ‘ಸರ್, ನನಗೆ ಬೇರೆ ಆನ್ಸರ್ ಬರ್ತಿದೆ’ ಅಂದಾಗ ಗದರುವುದಿಲ್ಲ, ‘ಬಾ, ಯಾಕೆ ಅಂತ ನೋಡೋಣ’ ಅನ್ನುತ್ತಾನೆ.

ಎರಡನೆಯದು, ಅಳೆಯುವ ಅಭ್ಯಾಸ. ಹತ್ತು ಜನ ತರಕಾರಿ ಹೆಚ್ಚಿದರೂ ಸಾರು ಕುದಿಯುವ ಹೊತ್ತು ಕಡಿಮೆಯಾಗದು. 1967ರಲ್ಲಿ ಜೀನ್ ಆಮ್‌ಡಾಲ್ ಹೇಳಿದ್ದೂ ಇಂಥದ್ದೇ ಮಾತು. ಕೆಲಸದ ಶೇ 10 ಭಾಗವನ್ನು ಹಂಚಲಾಗದಿದ್ದರೆ, ನಾಲ್ಕು ಕೋರ್ ಇದ್ದರೂ ವೇಗ ಹೆಚ್ಚುವುದು ಸುಮಾರು ಮೂರು ಪಟ್ಟು. ಎಷ್ಟೇ ಕೋರ್ ಹಾಕಿದರೂ ಹತ್ತು ಪಟ್ಟು ದಾಟದು.

ಇದನ್ನೆಲ್ಲ ಕಲಿಯಲು ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ‘ಪರಮ್ ಪ್ರವೇಗ’ದಂಥ ಸೂಪರ್‌ಕಂಪ್ಯೂಟರೇ ಬೇಕಿಲ್ಲ. ಲ್ಯಾಬ್‌ನ ಮಾಮೂಲಿ ನಾಲ್ಕು ಕೋರ್ ಪಿಸಿ, ಉಚಿತ ಜಿಸಿಸಿ ಕಂಪೈಲರ್, ಅದರಲ್ಲೇ ಸಿಗುವ ಓಪನ್‌ಎಂಪಿ ಸಾಕು. ಬೇಕಾಗಿರುವುದು ಸಮಯ. ಮೊದಲು ಮೂರ್ನಾಲ್ಕು ದಿನ ಕೈಯಾರೆ ಅಭ್ಯಾಸ, ಆಮೇಲೆ ತರಗತಿಯಲ್ಲಿ ಒಂದು ಪಾಠ, ತೊಡಕಾದರೆ ಫೋನ್ ಮಾಡಿ ಕೇಳಲು ಒಬ್ಬ ಜೊತೆಗಾರ. ಪ್ರಾಂಶುಪಾಲರು ಅಷ್ಟು ದಿನ ಓಓಡಿ ಕೊಟ್ಟರೆ ಅರ್ಧ ಕೆಲಸ ಆದ ಹಾಗೆ.

ಆ ಜೊತೆಗಾರ ನೀವೇ ಯಾಕಾಗಬಾರದು? ಆಫೀಸಿನಲ್ಲಿ ದಿನಾ ಥ್ರೆಡ್‌ಗಳ ಜೊತೆ ಗುದ್ದಾಡುವವರು ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ನೀವು ಓದಿದ ಕಾಲೇಜಿಗೆ ಫೋನ್ ಮಾಡಿ, ‘ಮೇಡಂ, ಲ್ಯಾಬ್‌ಗೆ ಬರಲಾ?’ ಅಂತ ಕೇಳಿ ನೋಡಿ.