ಬಣ್ಣವಿಲ್ಲದ ಮಡಕೆ, ಊರೂಟದ ಲೆಕ್ಕ

ಪುಣೆ ಜಿಲ್ಲೆಯ ಘೋಡ್ ನದಿ ದಂಡೆಯಲ್ಲಿ ಇನಾಮ್‌ಗಾಂವ್ ಎಂಬ ಹಳ್ಳಿಯಿದೆ. ಅಲ್ಲಿ 1968ರಿಂದ 1983ರವರೆಗೆ ಪುಣೆಯ ಡೆಕ್ಕನ್ ಕಾಲೇಜಿನವರು ಅಗೆದಾಗ ಮೂರು ಸಾವಿರ ವರ್ಷಕ್ಕೂ ಹಳೆಯ ಊರೊಂದು ಹೊರಬಂತು. ಕೆಂಪು ಮೈಮೇಲೆ ಕಪ್ಪು ಚಿತ್ತಾರವಿರುವ ಜೋರ್ವೆ ಮಡಕೆಗಳು ಆ ಊರಿಗೆ ಹೆಸರು ತಂದವು. ಬಣ್ಣವಿಲ್ಲದ ಒರಟು ಗಡಿಗೆಗಳೂ ಅಲ್ಲಿ ಸಿಕ್ಕವು. ಸತ್ತ ಕೂಸನ್ನು ಅಂಥ ಎರಡು ಗಡಿಗೆಗಳಲ್ಲಿಟ್ಟು, ಬಾಯಿಗೆ ಬಾಯಿ ಕೂಡಿಸಿ, ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಪಕ್ಕದಲ್ಲಿ ಬಟ್ಟಲು, ಕೊಕ್ಕಿನ ಪಾತ್ರೆ ಇಡುತ್ತಿದ್ದರು.

ಇತಿಹಾಸ ತಿಳಿಯಲು ಚಿತ್ತಾರದ ಮಡಕೆಗಿಂತ ಇಂಥ ಸಾದಾ ಗಡಿಗೆಯೇ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ನಂಬಿಕೆ. ಬಾಯಂಚಿನ ಒಂದು ಬೋಕಿ ಸಿಕ್ಕರೆ ಅದರ ಬಾಗನ್ನು ಅಳತೆಯ ವೃತ್ತಗಳ ಮೇಲಿಟ್ಟು ಇಡೀ ಬಾಯಿಯ ಅಗಲ ಹೇಳಬಹುದು. ತಳದಲ್ಲಿ ಮಸಿ ಹಿಡಿದಿದ್ದರೆ ಒಲೆ ಕಂಡ ಪಾತ್ರೆ. ಮೆರುಗು ಹಚ್ಚದ ಮಣ್ಣು ಬೇಯುವಾಗ ಕೊಬ್ಬನ್ನು ಹೀರಿಕೊಂಡು ಸಾವಿರಾರು ವರ್ಷ ಉಳಿಸಿಕೊಳ್ಳುತ್ತದೆ. ಆ ಕೊಬ್ಬಿನಲ್ಲಿರುವ ಇಂಗಾಲದ ಐಸೋಟೋಪುಗಳನ್ನು ಅಳೆದರೆ ಬೆಂದದ್ದು ಮಾಂಸವೋ ಹಾಲೋ ಎಂದೂ ತಿಳಿಯಬಹುದು. ಒಂದು ಸಂಸಾರಕ್ಕೆ ಬೇಕಾದ್ದಕ್ಕಿಂತ ದೊಡ್ಡ ಗಡಿಗೆಗಳು, ರಾಶಿ ಬಟ್ಟಲುಗಳು ಒಂದೇ ಕಡೆ ಸಿಕ್ಕರೆ ಊರೂಟದ ಅನುಮಾನ ಹುಟ್ಟುತ್ತದೆ.

ಅನುಮಾನ ಗಟ್ಟಿಯಾಗಲು ಮೂಳೆ, ಬೂದಿ, ನೆಲವೂ ಅದನ್ನೇ ಹೇಳಬೇಕು. ನಮ್ಮ ಸುರಪುರ ಸೀಮೆಯ ಬೂದಿಹಾಳದಲ್ಲಿ ಅದೇ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಅಗೆದ ನವಶಿಲಾಯುಗದ ನೆಲೆ ಅಂಥದ್ದು. ದನದ ಸಗಣಿ ಸುಟ್ಟ ಬೂದಿದಿಬ್ಬದ ಬಳಿಯಲ್ಲೇ ದನ ಕಡಿದು ಪಾಲು ಮಾಡಿದ ನೆಲ, ಅದರ ತುಂಬ ಮೂಳೆ, ಕಲ್ಲಿನ ಅಲಗು. ಊರೆಲ್ಲ ಸೇರಿ ಉಂಡ ಜಾಗವೆಂದು ಪದ್ದಯ್ಯ ಅದನ್ನು ಗುರುತಿಸಿದರು. ಆ ಕಾಲದ ದಕ್ಷಿಣದ ಮಡಕೆಗಳು ಹೆಚ್ಚಾಗಿ ಕೈಯಲ್ಲೇ ತಟ್ಟಿ ಉಜ್ಜಿದ, ಚಿತ್ತಾರವಿಲ್ಲದ ಬೂದುಬಣ್ಣದವು.

ಪೆರುವಿನ ಆಂಡಿಸ್ ಬೆಟ್ಟದ ಸೆರ್ರೊ ಬಾವುಲ್‌ನಲ್ಲೂ ಇಂಥ ಊರೂಟದ ಕುರುಹುಗಳಿವೆ; ಅಲ್ಲಿ ಊಟ, ಆಚರಣೆ ಬೇರೆ ಬೇರೆಯಾಗಿರಲಿಲ್ಲ. ವಾರಿ ಎಂಬ ಪ್ರಾಚೀನ ಜನ ಅಲ್ಲಿ ದೊಡ್ಡ ಹರವಿಗಳಲ್ಲಿ ಚಿಚಾ ಎಂಬ ಮದ್ಯ ಕಾಯಿಸುತ್ತಿದ್ದರು. ಸುಮಾರು 1000 ವರ್ಷಗಳ ಹಿಂದೆ ನೆಲೆ ಬಿಡುವಾಗ ಕೊನೆಯ ಔತಣ ಮುಗಿಸಿ, ಭಟ್ಟಿಮನೆಗೆ ಬೆಂಕಿಯಿಟ್ಟು, ಕುಡಿದ ಲೋಟಗಳನ್ನು ಅದರೊಳಗೆ ಎಸೆದರು.

ಇಂಥ ಕುರುಹುಗಳಿರುವ ನಮ್ಮ ಬೂದಿದಿಬ್ಬಗಳನ್ನು ಗೊಬ್ಬರಕ್ಕೆಂದು ತೋಡಿ ಸಾಗಿಸಿದ್ದೂ ಉಂಟು. ಹೊಲದಲ್ಲಿ ಹಳೆಯ ಬೋಕಿಗಳ ರಾಶಿ ಕಂಡರೆ ದಯವಿಟ್ಟು ಕದಲಿಸಬೇಡಿ. ಪುರಾತತ್ವ ಇಲಾಖೆಗೆ ತಿಳಿಸಿ.